ಕಂಪ್ಯೂಟರಿಗೆ ಕಾಣದ ಹಾರ್ಡ್ ಡಿಸ್ಕ್

ಹೊರಗಿನಿಂದ ಜೋಡಿಸಿದ ಹಾರ್ಡ್ ಡಿಸ್ಕ್ ಪರದೆಯ ಮೇಲೆ ಕಾಣದೇ ಹೋದಾಗ ಅದು ಕೆಟ್ಟೇಹೋಯಿತು ಎಂದುಕೊಳ್ಳುವುದು ಎಷ್ಟು ಸಹಜವೋ ಅಷ್ಟೇ ಅವಸರದ್ದು. ಅದರಲ್ಲಿರುವ ಒಂದು ಫೋಟೋ ತೆರೆಯಬೇಕಾದರೂ ಮೊದಲು ಸಾಕಷ್ಟು ವಿದ್ಯುತ್ ದೊರೆತು ಒಳಗಿನ ತಟ್ಟೆಗಳು ತಿರುಗಬೇಕು. ಕವಚದೊಳಗಿನ ಸಂಪರ್ಕ ಚಿಪ್ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ತನ್ನ ಪರಿಚಯ ಹೇಳಿಕೊಳ್ಳಬೇಕು. ವಿಂಡೋಸ್, ಮ್ಯಾಕ್‌ಓಎಸ್ ಅಥವಾ ಲಿನಕ್ಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯು ಡಿಸ್ಕಿನ ವಿಭಾಗಗಳನ್ನು ತಿಳಿಸುವ ಪಾರ್ಟಿಷನ್ ಕೋಷ್ಟಕವನ್ನು ಓದಬೇಕು. ಕೊನೆಗೆ ಕಡತ ವ್ಯವಸ್ಥೆ, ಎಂದರೆ ಯಾವ ಕಡತದ ಯಾವ ತುಣುಕು ಎಲ್ಲಿದೆ ಎಂದು ಬರೆದಿಟ್ಟ ಖಾತೆಪುಸ್ತಕ, ಅದಕ್ಕೆ ಅರ್ಥವಾಗಬೇಕು. ಇವುಗಳಲ್ಲಿ ಯಾವ ಹಂತ ತಪ್ಪಿದರೂ ಬಳಕೆದಾರರಿಗೆ ಡಿಸ್ಕ್ ಕಾಣುವುದಿಲ್ಲವಾದ್ದರಿಂದ, ಕೆಲಸ ಎಲ್ಲಿಯವರೆಗೆ ನಡೆದು ನಿಂತಿದೆ ಎಂಬುದನ್ನು ಪತ್ತೆಹಚ್ಚುವುದೇ ದುರಸ್ತಿಯ ಆರಂಭ. ಅದು ತಿಳಿಯುವವರೆಗೆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು.

ಅಂಗೈಯಲ್ಲಿ ಹಿಡಿಯುವ 2.5 ಇಂಚಿನ ಡಿಸ್ಕ್ ತನಗೆ ಬೇಕಾದ ವಿದ್ಯುತ್ತನ್ನೂ ಯುಎಸ್‌ಬಿ ಕೇಬಲ್ಲಿನಿಂದಲೇ ಪಡೆಯುತ್ತದೆ, ದೊಡ್ಡದಾದ 3.5 ಇಂಚಿನದಕ್ಕೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಬೇಕು. ಯುಎಸ್‌ಬಿ 2.0 ಪೋರ್ಟಿನ ನಿಗದಿತ ಮಿತಿ 500 ಮಿಲಿಆಂಪಿಯರ್, 3.0 ಪೋರ್ಟಿನದು 900. ನಿಂತ ತಟ್ಟೆಗಳನ್ನು ತಿರುಗಿಸಲು ತೊಡಗುವ ಮೊದಲ ಕೆಲವು ಕ್ಷಣಗಳಲ್ಲಿ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ, ಅಡಾಪ್ಟರ್ ಇಲ್ಲದ ಹಬ್‌ಗೋ ಕಂಪ್ಯೂಟರಿನ ಮುಂಭಾಗದ ಸಡಿಲ ಪೋರ್ಟಿಗೋ ಸಿಕ್ಕಿಸಿದ ಡಿಸ್ಕ್, ದೀಪ ಹೊತ್ತಿಸಿಕೊಂಡೂ ತಿರುಗದೆ ಉಳಿಯಬಹುದು. ಕೇಬಲ್ಲಿನ ವಿಷಯವೂ ಇಷ್ಟೇ ಮೋಸದ್ದು: ಟೈಪ್ ಸಿ ಕೇಬಲ್‌ಗಳಲ್ಲಿ ಕೆಲವು ಕೇವಲ ಚಾರ್ಜ್ ಮಾಡಲೆಂದು ತಯಾರಾದವು, ಅವುಗಳಲ್ಲಿ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಆದ್ದರಿಂದ ಬೇರೆ ಕೇಬಲ್, ಹಿಂಬದಿಯ ಪೋರ್ಟ್, ಸಾಧ್ಯವಾದರೆ ಬೇರೊಂದು ಕಂಪ್ಯೂಟರ್, ಈ ಮೂರನ್ನು ಮೊದಲು ಪರೀಕ್ಷಿಸುವುದು ಸರಿ. ಇವು ಯಾವುವೂ ಒಳಗಿನ ಮಾಹಿತಿಯನ್ನು ಮುಟ್ಟುವುದಿಲ್ಲ.

ಇಷ್ಟಾದರೂ ಡಿಸ್ಕ್ ಕಾಣದಿದ್ದರೆ, ವಿಂಡೋಸ್‌ನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿದಾಗ ಸಿಗುವ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಉಪಕರಣವನ್ನು ತೆರೆಯಬೇಕು. ಸಾಮಾನ್ಯ ಕಿಟಕಿಯಲ್ಲಿ ಕಾಣದ ಡಿಸ್ಕ್ ಇಲ್ಲಿ ಕಂಡರೆ ತಂತಿ, ಚಿಪ್, ಮೋಟಾರುಗಳು ಒಂದು ಮಟ್ಟಿಗಾದರೂ ಕೆಲಸ ಮಾಡುತ್ತಿವೆ ಎಂದರ್ಥ. ಕೆಲವೊಮ್ಮೆ ಡಿಸ್ಕಿಗೆ ಇ ಅಥವಾ ಎಫ್ ಎಂಬಂತಹ ಡ್ರೈವ್ ಅಕ್ಷರ ದೊರೆತಿರುವುದಿಲ್ಲ. ಅದನ್ನು ಅಲ್ಲಿಯೇ ಕೊಟ್ಟರೆ ಸಾಕು. ಇನ್ನು ಕೆಲವೊಮ್ಮೆ ಡಿಸ್ಕ್ ಆರೋಗ್ಯವಾಗಿಯೇ ಇದ್ದು, ಅದರ ಖಾತೆಪುಸ್ತಕದ ಲಿಪಿ ಮಾತ್ರ ವಿಂಡೋಸ್‌ಗೆ ಬರುವುದಿಲ್ಲ: ಮ್ಯಾಕ್‌ನ ಎಪಿಎಫ್‌ಎಸ್ ಅಥವಾ ಲಿನಕ್ಸ್‌ನ ಇಎಕ್ಸ್‌ಟಿ4 ವಿಧಾನದಲ್ಲಿ ಸಜ್ಜುಗೊಳಿಸಿದ ಡಿಸ್ಕ್ ಅಲ್ಲಿ ಹಾಳಾದಂತೆಯೇ ತೋರುತ್ತದೆ.

ನಿಜವಾದ ಅಪಾಯ ಎದುರಾಗುವುದು ಇಲ್ಲಿ. ಓದಲಾಗದ ಡಿಸ್ಕನ್ನು ಕಂಡ ವಿಂಡೋಸ್, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂದೋ, ಇನಿಶಿಯಲೈಸ್ ಮಾಡಬೇಕೆಂದೋ ತಾನಾಗಿಯೇ ಸೂಚಿಸುತ್ತದೆ. ಹೊಸದಾಗಿ ಕೊಂಡ ಖಾಲಿ ಡಿಸ್ಕಿಗೆ ಸಲ್ಲುವ ಈ ಸಲಹೆಯನ್ನು ಹತ್ತು ವರ್ಷದ ಫೋಟೋಗಳಿರುವ ಡಿಸ್ಕಿಗೂ ಅದೇ ಧಾಟಿಯಲ್ಲಿ ನೀಡುವುದು ತಂತ್ರಾಂಶ ರಚಿಸಿದವರ ಕಡೆಯಿಂದ ಆಗಿರುವ ದೊಡ್ಡ ಲೋಪವೆಂದೇ ಹೇಳಬೇಕು. ಕ್ವಿಕ್ ಫಾರ್ಮ್ಯಾಟ್ ಹಳೆಯ ಖಾತೆಯ ಜಾಗದಲ್ಲಿ ಹೊಸ ಖಾತೆಯನ್ನು ತೆರೆಯುತ್ತದೆಯೇ ಹೊರತು ಕಡತಗಳ ಒಡಲನ್ನು ಅಳಿಸುವುದಿಲ್ಲವಾದ್ದರಿಂದ ಅವುಗಳನ್ನು ಮರಳಿ ಪಡೆಯುವ ಅವಕಾಶ ಬಹುಪಾಲು ಉಳಿಯುತ್ತದೆ. ಪೂರ್ಣ ಫಾರ್ಮ್ಯಾಟ್ ಮಾತ್ರ, ವಿಂಡೋಸ್ ವಿಸ್ಟಾ ಬಂದಂದಿನಿಂದ, ಡಿಸ್ಕಿನ ಉದ್ದಗಲಕ್ಕೂ ಸೊನ್ನೆಗಳನ್ನು ಬರೆಯುತ್ತದೆ, ಆಮೇಲೆ ಹುಡುಕಲು ಏನೂ ಇರುವುದಿಲ್ಲ. ಕಳೆದಿರುವುದು ಪಾರ್ಟಿಷನ್ ಕೋಷ್ಟಕವೊಂದೇ ಆಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಅದನ್ನು ಪುನಃ ಕಟ್ಟಬಲ್ಲದು. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಮುಖ್ಯ ಕೋಷ್ಟಕ ಇರುವುದು ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಮಾತ್ರ. ಹೊಸ ಜಿಪಿಟಿ ಪದ್ಧತಿ ಅದರ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಇಟ್ಟಿರುತ್ತದೆ. ಹಲವರು ಮೊದಲ ಮದ್ದೆಂದು ಸೂಚಿಸುವ ಚೆಕ್‌ಡಿಸ್ಕ್ ಆಜ್ಞೆಯು ದುರಸ್ತಿಗೆ ಹೊರಟಾಗ ಡಿಸ್ಕಿನ ಮೇಲೆಯೇ ಬರೆಯುವುದರಿಂದ, ಮುಖ್ಯ ಕಡತಗಳ ಪ್ರತಿ ತೆಗೆಯುವ ಮೊದಲು ಅದನ್ನು ಬಳಸದಿರುವುದೇ ಲೇಸು.

ಡಿಸ್ಕಿನಿಂದ ಒಂದೇ ಸಮನೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ತಂತ್ರಾಂಶದ ಮಾತು ಅಲ್ಲಿಗೆ ಮುಗಿಯಿತು. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲಬೇಕಾದ ಓದುವ ತಲೆಯು ದಾರಿ ಸಿಗದೆ ಪದೇ ಪದೇ ಹಿಂದಕ್ಕೆ ಬರುತ್ತಿರುವುದು ಈ ಸದ್ದಿಗೆ ಸಾಮಾನ್ಯ ಕಾರಣ. ವಿದ್ಯುತ್ ಇರುವಷ್ಟು ಹೊತ್ತೂ ತಟ್ಟೆಗೆ ಗೀರು ಬೀಳುವ ಸಂಭವವಿರುವುದರಿಂದ ಕೂಡಲೇ ಕೇಬಲ್ ಕಳಚಬೇಕು. ಇಂತಹ ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಉಪಾಯಕ್ಕೆ ಕಿವಿಗೊಡಬಾರದು, ಹೊರತೆಗೆದ ತಣ್ಣನೆಯ ತಟ್ಟೆಯ ಮೇಲೆ ತೇವ ಕಟ್ಟಿದರೆ ಉಳಿದಿದ್ದೂ ಹೋಗುತ್ತದೆ. ಸದ್ದಿಲ್ಲದಿದ್ದರೂ ಓದುವ ವೇಗ ಕುಸಿದಿರುವ ಡಿಸ್ಕಿನಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಸಾಧನವು ಮೊದಲು ಸಲೀಸಾಗಿ ಓದಲಾಗುವ ಭಾಗಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿ, ಕೆಟ್ಟ ಭಾಗಗಳನ್ನು ಕೊನೆಗೆ ಬಿಟ್ಟುಕೊಳ್ಳುತ್ತದೆ.

ಸಂಪರ್ಕ ಚಿಪ್ ಮಾತ್ರ ಸುಟ್ಟಿರುವ ಸಂದರ್ಭಗಳೂ ಉಂಟು. ಆಗ ಡಿಸ್ಕನ್ನು ಕವಚದಿಂದ ಬಿಡಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಕಡಿಮೆ ಬೆಲೆಗೆ ಸಿಗುವ ಬೇರೆ ಕವಚಕ್ಕೆ ಹಾಕಿದರೆ ಕಡತಗಳು ಕಾಣಿಸಿಕೊಳ್ಳುತ್ತವೆ. ಆದರೆ ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕಿನ ಹಲಗೆಗೇ ಬೆಸುಗೆಯಾಗಿರುತ್ತದೆ. ಇನ್ನು ಕೆಲವುಗಳಲ್ಲಿ, ಬಳಕೆದಾರರು ಪಾಸ್‌ವರ್ಡ್ ಹಾಕದಿದ್ದರೂ, ಚಿಪ್ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆದಿರುತ್ತದೆಯಾದ್ದರಿಂದ ಬೇರೆ ಕವಚದಲ್ಲಿ ಅದು ಬರೀ ಗೋಜಲಾಗಿ ಓದಿಸಿಕೊಳ್ಳುತ್ತದೆ. ಕವಚ ಬಿಚ್ಚಿದರೆ ವಾರಂಟಿ ತಪ್ಪುವ ಸಾಧ್ಯತೆಯೂ ಇದೆ. ಹಾಗೆಂದು ವಾರಂಟಿಯನ್ನೇ ನಂಬಿ ಡಿಸ್ಕನ್ನು ಕಳುಹಿಸಿಬಿಟ್ಟರೆ ಸಾಮಾನ್ಯವಾಗಿ ಮರಳಿ ಬರುವುದು ಬೇರೊಂದು ಡಿಸ್ಕ್, ಹಳೆಯ ಕಡತಗಳಲ್ಲ. ಅವು ಬೇಕಿದ್ದವರು ಡಿಸ್ಕನ್ನು ಕಂಪನಿಗೆ ಒಪ್ಪಿಸುವುದಕ್ಕಿಂತ ಮೊದಲೇ ಮಾಹಿತಿ ಮರಳಿ ಪಡೆಯುವ ಪರಿಣತರನ್ನು ಕಾಣಬೇಕಾಗುತ್ತದೆ.