ಪಹಣಿಯೂ ಗಣಕಯಂತ್ರವೂ

ಗಣಕಯಂತ್ರವೆಂದೊಡನೆ ಅನೇಕರ ಕಣ್ಣ ಮುಂದೆ ನಿಲ್ಲುವುದು ಬೆಂಗಳೂರಿನ ಗಾಜಿನ ಕಟ್ಟಡಗಳು. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಎಷ್ಟೋ ರೈತರು ಆ ಯಂತ್ರವನ್ನು ಮೊದಲು ಹತ್ತಿರದಿಂದ ಕಂಡದ್ದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ. ಆಟಕ್ಕಲ್ಲ, ಪಾಠಕ್ಕಲ್ಲ, ತಮ್ಮ ಜಮೀನಿನ ಪಹಣಿಗಾಗಿ.

ಅದಕ್ಕೆ ಮೊದಲು ಪಹಣಿಯೆಂದರೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕ. ಲೆಕ್ಕಿಗರು ಸಿಕ್ಕಿದ ದಿನ ನಕಲು ಸಿಗಬೇಕು. ಬರಹ ಅರ್ಥವಾಗದಿದ್ದರೆ ಕೇಳುವವರಿಲ್ಲ. ನಡುವೆ ಒಂದು ಗೆರೆ ಸೇರಿದರೂ ಹೊರಗಿನವರಿಗೆ ತಿಳಿಯದು. 1990ರ ದಶಕದ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗವಾಗಿ ನಡೆದು, 2002ರ ಹೊತ್ತಿಗೆ ರಾಜ್ಯದುದ್ದಕ್ಕೂ ಹರಡಿದ ‘ಭೂಮಿ’ ಯೋಜನೆ ಈ ಪದ್ಧತಿಯನ್ನು ಬದಲಿಸಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ತಂತ್ರಾಂಶವನ್ನು ರೂಪಿಸಿದ್ದು ಎನ್‌ಐಸಿ ಎಂದೇ ಪರಿಚಿತವಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ದಾಖಲೆ ತಿದ್ದುವ ಅಧಿಕಾರವುಳ್ಳವರು ಬೆರಳಚ್ಚು ಒತ್ತಿಯೇ ಒಳಹೋಗಬೇಕಾಯಿತು.

ಇಷ್ಟೆಲ್ಲ ಹೊಣೆಯನ್ನು ಹೊತ್ತದ್ದು ಮೇಜಿನ ಮೇಲಿನ ಒಂದು ಪೆಟ್ಟಿಗೆ. ಅದರೊಳಗೆ ಎರಡು ಬಗೆಯ ನೆನಪುಗಳಿವೆ. ಒಂದು, ಕೆಲಸ ನಡೆಯುತ್ತಿರುವಾಗ ಮಾತ್ರ ಇರುವ ನೆನಪು; ಇದನ್ನು ರ‍್ಯಾಮ್ ಎನ್ನುತ್ತಾರೆ. ಇದು ಕಪ್ಪುಹಲಗೆಯ ಮೇಲಿನ ಬರಹದಂತೆ. ವಿದ್ಯುತ್ ಹೋದರೆ ಅಳಿಸಿಹೋಗುತ್ತದೆ. ಇನ್ನೊಂದು, ವಿದ್ಯುತ್ತಿಲ್ಲದಿದ್ದರೂ ಉಳಿಯುವ ಹಾರ್ಡ್‌ಡಿಸ್ಕ್. ಇದು ಬೀರುವಿನಲ್ಲಿಟ್ಟ ಪುಸ್ತಕದಂತೆ. ಅರ್ಧ ಬೆರಳಚ್ಚು ಮಾಡಿದ ಕಾಗದ ಕರೆಂಟು ಹೋದೊಡನೆ ಮಾಯವಾಗುವುದು, ನಿನ್ನೆ ಉಳಿಸಿಟ್ಟದ್ದು ಹಾಗೆಯೇ ಇರುವುದು, ಈ ವ್ಯತ್ಯಾಸದಿಂದ.

ಕರೆಂಟಿನ ಮಾತು ಬಂದಾಗ ಈ ಸೀಮೆಯ ಒಂದು ವಿಚಿತ್ರವನ್ನು ನೆನೆಯಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಮೊದಲು ಬಂದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಆದರೂ ಸುಮಾರು ನೂರು ವರ್ಷಗಳ ಅನಂತರ ಅದೇ ಜಿಲ್ಲೆಯ ಊರುಗಳಲ್ಲಿ ಗಣಕಯಂತ್ರ ಕೊಂಡವರು ಅದರ ಜೊತೆಗೇ ಯುಪಿಎಸ್ ಎಂಬ ಇನ್ನೊಂದು ಭಾರದ ಡಬ್ಬಿಯನ್ನೂ ಕೊಳ್ಳಬೇಕಾಗಿತ್ತು. ಈ ಡಬ್ಬಿಯೊಳಗಿನ ಬ್ಯಾಟರಿಯು ಕರೆಂಟು ಹೋದ ಮೇಲೂ ಸ್ವಲ್ಪ ಹೊತ್ತು ಯಂತ್ರವನ್ನು ನಡೆಸುತ್ತದೆ. ಕೆಲಸವನ್ನು ಉಳಿಸಿಕೊಂಡು ಮುಚ್ಚಲು ಅಷ್ಟು ಸಾಕು. ಕೊಳವೆಬಾವಿಯನ್ನೇ ನಂಬಿದ ಸೀಮೆಯಲ್ಲಿ ಮತ್ತೊಂದು ತೊಡಕೂ ಉಂಟು. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಹಲವು ಮೋಟಾರುಗಳು ಒಟ್ಟಿಗೆ ಚಾಲೂ ಆದರೆ ವೋಲ್ಟೇಜು ಕುಸಿಯುತ್ತದೆ. ಬಲ್ಬು ಮಂಕಾದರೆ ನಮಗೆ ಚಿಂತೆಯಿಲ್ಲ, ಗಣಕಯಂತ್ರ ಮಾತ್ರ ಆ ಒಂದು ಕ್ಷಣಕ್ಕೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಧೂಳು ಇನ್ನೊಂದು ಶತ್ರು. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಪೆಟ್ಟಿಗೆಯೊಳಗಿನ ಪುಟ್ಟ ಫ್ಯಾನು ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಅದು ಪ್ರೊಸೆಸರಿನ ಮೇಲಿನ ಲೋಹದ ಹಲ್ಲುಗಳ ನಡುವೆ ಕುಳಿತರೆ ಶಾಖ ಹೊರಗೆ ಹೋಗದು, ಯಂತ್ರ ಕಾದು ತಾನೇ ನಿಂತುಬಿಡುತ್ತದೆ. ಹಾರ್ಡ್‌ಡಿಸ್ಕನ್ನು ಮುಚ್ಚಿಯೇ ತಯಾರಿಸುವುದೂ ಇದಕ್ಕಾಗಿಯೇ. ಅದರೊಳಗೆ ಓದುವ ತಲೆಗೂ ತಿರುಗುವ ತಟ್ಟೆಗೂ ಇರುವ ಅಂತರ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗುಮಳೆ. ಶ್ರೀನಿವಾಸಪುರದ ಮಾವಿನ ತೋಪುಗಳವರು ಬಿರುಗಾಳಿಗೆ ಹೆದರುವ ದಿನಗಳಲ್ಲೇ ಗಣಕಯಂತ್ರ ಇಟ್ಟವರು ಸಿಡಿಲಿಗೆ ಹೆದರಬೇಕು. ಟೆಲಿಫೋನ್ ತಂತಿಯ ಮೂಲಕ ಇಂಟರ್‌ನೆಟ್ ಬರುತ್ತಿದ್ದ ಕಾಲದಲ್ಲಿ ಮೋಡ ಕವಿದೊಡನೆ ಪ್ಲಗ್ಗನ್ನಷ್ಟೇ ಅಲ್ಲ, ಫೋನಿನ ತಂತಿಯನ್ನೂ ಕಿತ್ತಿಡುವುದು ಜಾಣತನವಾಗಿತ್ತು.

ಹಳೆಯ ಯಂತ್ರವುಳ್ಳ ಅಂಗಡಿಗಳಲ್ಲಿ ಇನ್ನೊಂದು ಸೋಜಿಗ ಕಾಣುತ್ತಿತ್ತು. ಯಂತ್ರ ಇದ್ದಕ್ಕಿದ್ದಂತೆ ಇಂದಿನ ದಿನಾಂಕವನ್ನು 1980ರ ಜನವರಿ 1 ಎಂದು ತೋರಿಸುವುದು! ಇದು ವೈರಸ್ಸಲ್ಲ. ಕರೆಂಟಿಲ್ಲದಾಗಲೂ ಗಡಿಯಾರವನ್ನು ನಡೆಸುವ 3 ವೋಲ್ಟಿನ ನಾಣ್ಯದಂಥ ಬ್ಯಾಟರಿ ಒಳಗಿರುತ್ತದೆ. ಅದು ಸತ್ತರೆ ಯಂತ್ರ ತನಗೆ ಗೊತ್ತಿರುವ ಮೊದಲ ದಿನಕ್ಕೆ ಹಿಂದಿರುಗುತ್ತದೆ. ಬ್ಯಾಟರಿ ಬದಲಿಸಿ ದಿನಾಂಕ ತಿದ್ದಿದರೆ ಸರಿ.

ಇವೆಲ್ಲ ಕೆಟ್ಟರೆ ಕಾಣುವ ಕಷ್ಟಗಳು. ಪರಿಹಾರವೂ ಉಂಟು: ಯುಪಿಎಸ್ ಇದೆ, ಪ್ರತಿ ತೆಗೆದಿಡುವ ಪದ್ಧತಿ ಇದೆ, ಹೊಸ ಬಿಡಿಭಾಗ ಸಿಗುತ್ತದೆ. ಯಂತ್ರ ಚೆನ್ನಾಗಿಯೇ ನಡೆಯುತ್ತಿರುವಾಗ ಆಗುವ ಕೆಡುಕು ಇದಕ್ಕಿಂತ ದೊಡ್ಡದು.

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಮೊದಮೊದಲು ಕನ್ನಡಕ್ಕೆ ಒಂದೊಂದು ತಂತ್ರಾಂಶವೂ ತನ್ನದೇ ಸಂಖ್ಯೆಗಳನ್ನು ಬಳಸುತ್ತಿತ್ತು. ಆದ್ದರಿಂದಲೇ ಕೋಲಾರದಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚಾದ ಪತ್ರ ಬೆಂಗಳೂರಿನ ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣಬಹುದಾಗಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಕನ್ನಡಕ್ಕೂ ಸ್ಥಾನ ಕೊಟ್ಟಿತು. ಅದು ನಿತ್ಯದ ಬಳಕೆಗೆ ಬರಲು ಮಾತ್ರ ಬಹಳ ವರ್ಷಗಳು ಬೇಕಾದವು. ಆ ಸಂಕೇತದಲ್ಲಿ ‘ಮ’ ಎಂದರೆ 3246, ‘ವ’ ಎಂದರೆ 3253.

ಈ ಎರಡು ಸಂಖ್ಯೆಗಳ ನಡುವೆ ಒಬ್ಬ ರೈತನ ಹಕ್ಕು ಸಿಕ್ಕಿಕೊಳ್ಳಬಹುದು. ಕೋಲಾರ ಸೀಮೆಯಲ್ಲಿ ವೆಂಕಟರಮಣಪ್ಪನೂ ವೆಂಕಟರವಣಪ್ಪನೂ ಒಂದೇ ಹೆಸರು. ತೆಲುಗು ಮನೆಮಾತಾಗಿರುವ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ರಮಣ ರವಣನಾಗುವುದು ಸಹಜ. ಊರಿನಲ್ಲಿ ಯಾರಿಗೂ ಗೊಂದಲವಿಲ್ಲ. ಕೈಬರಹದಲ್ಲಂತೂ ‘ಮ’ ಮತ್ತು ‘ವ’ ನೋಡಲಿಕ್ಕೂ ಹತ್ತಿರ. ಲೆಕ್ಕಿಗರು ಹಳ್ಳಿಯವರನ್ನು ಬಲ್ಲವರಾದ್ದರಿಂದ ಓದಿ ತಿಳಿದುಕೊಳ್ಳುತ್ತಿದ್ದರು. ಯಂತ್ರ ಯಾರನ್ನೂ ಬಲ್ಲದ್ದಲ್ಲ. ಅದರ ಲೆಕ್ಕದಲ್ಲಿ ಅವರು ಇಬ್ಬರು. ಪಹಣಿಯಲ್ಲೊಂದು, ಬ್ಯಾಂಕಿನ ಪುಸ್ತಕದಲ್ಲೊಂದು, ಆಧಾರ್ ಚೀಟಿಯಲ್ಲಿ ಮತ್ತೊಂದು ಹೆಸರಿದ್ದರೆ ಸಾಲವೋ ಪರಿಹಾರವೋ ತಡೆಯುತ್ತದೆ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆ ಬಂದಮೇಲಂತೂ ಹೆಸರು ಹೊಂದದ ತೊಂದರೆ ಎಲ್ಲರಿಗೂ ಪರಿಚಿತವಾಯಿತು.

ಇದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ. ಕೊಟ್ಟದ್ದನ್ನು ಕೊಟ್ಟಂತೆ ಕಾಪಾಡುವುದೇ ಅದರ ಗುಣ, ಅದಕ್ಕಾಗಿಯೇ ಅದನ್ನು ತಂದದ್ದು. ತಿದ್ದುವವರ ಕೈಯನ್ನು ಕಟ್ಟಿದ ಅದೇ ಬೆರಳಚ್ಚು, ತಪ್ಪನ್ನೂ ಭದ್ರವಾಗಿ ಕಾಯುತ್ತದೆ. ಹಿಂದೆ ಗೆರೆ ಎಳೆದು ಸರಿಪಡಿಸುತ್ತಿದ್ದ ಅಕ್ಷರಕ್ಕೆ ಈಗ ಅರ್ಜಿ, ಆಧಾರ, ಅಲೆದಾಟ ಬೇಕು.

‘ಭೂಮಿ’ಯನ್ನು ರೂಪಿಸಿದವರು ಇದನ್ನು ಯೋಚಿಸಿರಲಿಲ್ಲವೆಂದಲ್ಲ. ಕಿಟಕಿಯ ಬಳಿ ನೌಕರರ ಪರದೆಯಲ್ಲದೆ ರೈತರ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನೂ ಇಡುವ ಏರ್ಪಾಡು ಅದರಲ್ಲಿತ್ತು. ಒಳಗೆ ಏನಿದೆಯೆಂದು ಹೊರಗಿನವರೂ ನೋಡಲಿ ಎಂಬುದು ಅದರ ಉದ್ದೇಶ. ಇಡೀ ವ್ಯವಸ್ಥೆಯಲ್ಲಿ ರೈತನಿಗೆ ಅತ್ಯಂತ ಉಪಯುಕ್ತವಾದ ಬಿಡಿಭಾಗ ಬಹುಶಃ ಅದೇ. ಇಂದು ಪಹಣಿಯನ್ನು ಮನೆಯಿಂದಲೇ, ಕೈಯಲ್ಲಿರುವ ಫೋನಿನಲ್ಲೇ ನೋಡಬಹುದು. ನೋಡಿದಾಗ ಸರ್ವೆ ನಂಬರು, ವಿಸ್ತೀರ್ಣಗಳ ಜೊತೆಗೆ ಹೆಸರಿನ ಒಂದೊಂದು ಅಕ್ಷರವನ್ನೂ ಓದಬೇಕು. ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಬೇಕು. ಕರೆಂಟು ಹೋದರೂ ಅಳಿಯದ ನೆನಪು ಆ ಪೆಟ್ಟಿಗೆಗೆ ಉಂಟು. ಅದು ಸರಿಯಾದ ನೆನಪೇ ಎಂದು ನೋಡಿಕೊಳ್ಳುವ ಕೆಲಸ ಇನ್ನೂ ನಮ್ಮದೇ.