ಹಳೆ ಬೈಕಿಗೆ ಕ್ಯಾಲಿಪರ್ ಹುಡುಕುವ ಬಗೆ

ಮುಂದಿನ ಬ್ರೇಕ್ ಹಿಡಿದು ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ತಿರುಗುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಡಿಸ್ಕ್ ಕಾದು ಸುಡುತ್ತಿರುತ್ತದೆ. ಗಾಡಿ ಹೀರೋ ಹೋಂಡಾ ಸಿಬಿಝಡ್ ಇರಬಹುದು, ಮೊದಲ ಕಾಲದ ಪಲ್ಸರ್ ಇರಬಹುದು, ಕರಿಜ್ಮಾ ಇರಬಹುದು. ಮೆಕ್ಯಾನಿಕ್ ಬಗ್ಗಿ ನೋಡಿ, "ಕ್ಯಾಲಿಪರ್ ಜಾಮ್ ಆಗಿದೆ ಸಾರ್, ಹೊಸದೇ ಹಾಕ್ಬೇಕು" ಅನ್ನುತ್ತಾನೆ. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ, "ಆ ಗಾಡೀದು ಈಗ ಬರ್ತಿಲ್ಲ" ಅನ್ನುತ್ತಾರೆ. ಹಳೆ ಬೈಕನ್ನು ಆಸೆಯಿಂದ ಉಳಿಸಿಕೊಂಡವರು ಈ ಎರಡು ಮಾತುಗಳ ನಡುವೆ ಸಿಕ್ಕಿಹಾಕಿಕೊಂಡು, ಕೊನೆಗೆ ಕೂತದ್ದನ್ನು ಕೂರಿಸಿಕೊಂಡು ಬರುತ್ತಾರೆ. ಬ್ರೇಕಿನ ವಿಷಯದಲ್ಲಿ ಹಾಗೆ ಮಾಡಬಾರದು. ಹುಡುಕಾಟಕ್ಕೆ ಒಂದು ಕ್ರಮ ಇದೆ. ಆ ಕ್ರಮದ ಮೊದಲ ಮೆಟ್ಟಿಲಲ್ಲಿ ನಿಮ್ಮದೇ ಹಳೆ ಕ್ಯಾಲಿಪರ್ ಇದೆ.

ದ್ವಿಚಕ್ರ ವಾಹನಕ್ಕೆ ಡಿಸ್ಕ್ ಬ್ರೇಕ್ ಬಂದದ್ದು ತೀರ ಈಚೆಗೇನಲ್ಲ. 1962ರ ಲ್ಯಾಂಬ್ರೆಟ್ಟಾ ಟಿವಿ 175 ಸ್ಕೂಟರಿನ ಮುಂದಿನ ಚಕ್ರಕ್ಕೆ ಕೇಬಲ್ಲಿನಿಂದ ನಡೆಯುವ ಡಿಸ್ಕ್ ಇತ್ತು. 1969ರ ಹೋಂಡಾ ಸಿಬಿ 750, ದ್ರವದ ಒತ್ತಡದಿಂದ ನಡೆಯುವ ಡಿಸ್ಕನ್ನು ದೊಡ್ಡ ಪ್ರಮಾಣದಲ್ಲಿ ರಸ್ತೆಗೆ ತಂದಿತು. ನಮ್ಮಲ್ಲಿ ಮಾತ್ರ ಬಹಳ ಕಾಲ ಡ್ರಮ್ಮಿನದೇ ರಾಜ್ಯ. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕುವವರೆಗೂ ಯೆಜ್ಡಿಗಳಿಗೆ ಡ್ರಮ್ಮೇ ಇತ್ತು. ಜಪಾನಿನಲ್ಲಿ ಮುಂದೆ ಡಿಸ್ಕ್ ಹೊತ್ತಿದ್ದ ಯಮಾಹಾ ಆರ್‌ಡಿ 350, ಇಲ್ಲಿ ರಾಜ್‌ದೂತ್ 350 ಆಗಿ ತಯಾರಾದಾಗ ಡ್ರಮ್ಮಿಗೆ ಇಳಿಯಿತು. 1999ರಲ್ಲಿ ಮುಂದೆ 240 ಮಿ.ಮೀ. ಡಿಸ್ಕ್ ಹೊತ್ತ ಸಿಬಿಝಡ್, 2001ರಲ್ಲಿ ಪಲ್ಸರ್, 2003ರಲ್ಲಿ 276 ಮಿ.ಮೀ. ಡಿಸ್ಕಿನ ಕರಿಜ್ಮಾ ಬಂದ ಮೇಲೆ ಇಲ್ಲಿನ ಸಾಮಾನ್ಯ ಸವಾರನ ಕೈಗೆ ಡಿಸ್ಕ್ ಸಿಕ್ಕಿತು. ಆ ಗಾಡಿಗಳಿಗೆ ಈಗ ಇಪ್ಪತ್ತು ದಾಟಿದೆ. ನೋಂದಣಿಯ 15 ವರ್ಷ ಮುಗಿದು, ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೆ ನಿಲ್ಲುವ ಗಾಡಿಗಳು ಇವೇ. ಇವಕ್ಕೆ ಎಬಿಎಸ್ ಇಲ್ಲ. ಇರುವ ಒಂದು ಕ್ಯಾಲಿಪರ್ ಸರಿಯಾಗಿದ್ದರೆ ಮಾತ್ರ ರಕ್ಷಣೆ.

ಹೊಸದು ಹುಡುಕುವ ಮೊದಲು, ಕೆಟ್ಟಿರುವುದು ಕ್ಯಾಲಿಪರೇ ಹೌದೇ ಎಂದು ತಿಳಿಯಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮುಂದಿನ ಚಕ್ರ ಎತ್ತಿ. ಲಿವರ್ ಒತ್ತಿ ಬಿಟ್ಟು ಕೈಯಿಂದ ತಿರುಗಿಸಿ. ಬಿಗಿ ಇದ್ದರೆ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ಲಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ, ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿ. ನಾಲ್ಕು ಹನಿ ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಕ್ಯಾಲಿಪರ್ ನಿರಪರಾಧಿ. ಮೇಲೆ ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಹಿಂದಿರುಗುವ ಸೂಜಿಮೊನೆಯಷ್ಟು ಕಿಂಡಿ ಕಟ್ಟಿಕೊಂಡಿದೆ, ಇಲ್ಲವೇ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡು ಹೋದ ಆಯಿಲನ್ನು ವಾಪಸ್ ಬಿಡುತ್ತಿಲ್ಲ. ನಿಪ್ಪಲ್ ತೆಗೆದ ಮೇಲೂ ಬಿಗಿ ಹಾಗೇ ಉಳಿದರೆ ತೊಂದರೆ ಕ್ಯಾಲಿಪರಿನಲ್ಲೇ ಇದೆ. ಈ ಒಂದು ಪರೀಕ್ಷೆ ಮಾಡದೆ ಯಾರೂ ಕ್ಯಾಲಿಪರಿಗೆ ದುಡ್ಡು ಕೊಡಬಾರದು.

ಕ್ಯಾಲಿಪರಿನ ಒಳಗೆ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇಲ್ಲ. ಆ ಕೆಲಸವನ್ನು ಒಂದು ರಬ್ಬರ್ ಉಂಗುರ ಮಾಡುತ್ತದೆ. ಇದು ಗುಂಡನೆಯ ಓ-ರಿಂಗ್ ಅಲ್ಲ, ಚೌಕ ಅಂಚಿನ ಸೀಲ್. ಸಿಲಿಂಡರಿನ ಗೋಡೆಯಲ್ಲಿ ಕೊರೆದ ತೋಡಿನಲ್ಲಿ ಕೂತು ಪಿಸ್ಟನ್ನನ್ನು ಅಪ್ಪಿಕೊಂಡಿರುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಹೊರಗೆ ಸರಿಯುತ್ತದೆ, ಸೀಲ್ ಜಾಗ ಬಿಡದೆ ಅದರ ಜೊತೆ ವಾಲುತ್ತದೆ. ಲಿವರ್ ಬಿಟ್ಟೊಡನೆ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡ್ ಡಿಸ್ಕನ್ನು ಬಿಡಲು ಅಷ್ಟು ಸಾಕು. ವರ್ಷಗಳಾದಂತೆ ರಬ್ಬರ್ ಗಟ್ಟಿಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಸೀಲಿನ ಬೆನ್ನಿಗೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿ ಸೀಲನ್ನು ಪಿಸ್ಟನ್ನಿನ ಮೇಲೆ ಅದುಮಿ ಹಿಡಿಯುತ್ತದೆ. ಹೊಸ ಸೀಲ್ ಹಾಕಿಯೂ ವಾರದಲ್ಲೇ ಮತ್ತೆ ಜಾಮ್ ಆಯಿತು ಎನ್ನುವ ಕ್ಯಾಲಿಪರ್‌ಗಳಲ್ಲಿ ಸೀಲ್ ಕೂರುವ ತೋಡನ್ನು ಯಾರೂ ಕೆರೆದು ಶುಚಿ ಮಾಡಿರುವುದಿಲ್ಲ. ಹಿತ್ತಾಳೆಯ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಮೊನೆಯಿಂದ ಕೆರೆಯಬೇಕು. ಸ್ಕ್ರೂಡ್ರೈವರ್ ಹಾಕಿದರೆ ತೋಡಿನ ಅಂಚೇ ಹೋಗುತ್ತದೆ.

ಇನ್ನೊಂದು ವಿಷಯ ಬಹಳ ಮಂದಿಯನ್ನು ಗೊಂದಲಕ್ಕೆ ಕೆಡವುತ್ತದೆ. ಚೆನ್ನಾಗಿಯೇ ಇದ್ದ ಬ್ರೇಕ್ ಹೊಸ ಪ್ಯಾಡ್ ಹಾಕಿಸಿದ ಮಾರನೆಯ ದಿನವೇ ಹಿಡಿದುಕೊಳ್ಳುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಕ್ಕೆ ಚಾಚಿಕೊಂಡಿರುತ್ತದೆ. ಧೂಳಿನ ಸೀಲ್ ಹರಿದಿದ್ದರೆ ಚಾಚಿದ ಭಾಗಕ್ಕೆ ಮಳೆ ಕೆಸರು ತಗಲಿ ಕ್ರೋಮ್ ತುಕ್ಕು ಹಿಡಿಯುತ್ತದೆ. ಹೊಸ ದಪ್ಪ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಒಳಕ್ಕೆ ತಳ್ಳಿದಾಗ ಆ ತುಕ್ಕು ನೇರ ಸೀಲಿನ ಕೆಳಗೆ ಹೋಗುತ್ತದೆ. ತಪ್ಪು ಪ್ಯಾಡಿನದಲ್ಲ. ಎರಡು ಪ್ಯಾಡುಗಳಲ್ಲಿ ಒಂದು ಮಾತ್ರ ಬೇಗ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳನ್ನು ನೋಡಿ. ಅಲ್ಲಿ ಗ್ರೀಸ್ ಒಣಗಿರುತ್ತದೆ. ಸಿಲಿಕೋನ್ ಗ್ರೀಸಿನಲ್ಲಿ ಮುಗಿಯುವ ಕೆಲಸ ಅದು.

ಹಾಗಾಗಿ ನೀವು ಕೌಂಟರಿನಲ್ಲಿ ಮೊದಲು ಕೇಳಬೇಕಾದ್ದು ಕ್ಯಾಲಿಪರ್ ಅಲ್ಲ, ಕಿಟ್. ಸೀಲು, ಧೂಳಿನ ಸೀಲು, ಪಿನ್ನಿನ ರಬ್ಬರ್ ಬೂಟು, ಬೇಕಾದರೆ ಪಿಸ್ಟನ್. ಒಂದೇ ಕಂಪನಿ ಹಲವು ಗಾಡಿಗಳಿಗೆ ಒಂದೇ ಅಳತೆಯ ಪಿಸ್ಟನ್ ಬಳಸಿರುವುದುಂಟು. ಕ್ಯಾಲಿಪರ್ ಬರುವುದು ನಿಂತುಹೋದ ಮೇಲೂ ಎಷ್ಟೋ ಕಾಲದವರೆಗೆ ಕಿಟ್ ಸಿಗುತ್ತಿರುತ್ತದೆ. ಗಾಡಿಯ ಹೆಸರು ಹೇಳಿ ಕೇಳಿದರೆ "ಇಲ್ಲ" ಎನ್ನುವುದು ಸುಲಭ. ಕಂಪನಿಯ ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಬಿಡಿಸಿಟ್ಟ ಚಿತ್ರದ ಪಕ್ಕ ಇರುವ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ. ಹಳೆ ನಂಬರ್ ರದ್ದಾಗಿ ಅದೇ ವಸ್ತು ಹೊಸ ನಂಬರಿನಲ್ಲಿ ಬರುತ್ತಿರಬಹುದು. ಕಂಪ್ಯೂಟರಿನಲ್ಲಿ ಹಳೆಯದನ್ನು ಒತ್ತಿದರೆ ಹೊಸದು ತೋರಿಸುತ್ತದೆ. 2011ರಲ್ಲಿ ಹೀರೋ ಹೋಂಡಾ ಹೆಸರು ಹೋಗಿ ಹೀರೋ ಮೋಟೊಕಾರ್ಪ್ ಆಯಿತು. ಸಿಬಿಝಡ್, ಕರಿಜ್ಮಾ ಇಟ್ಟುಕೊಂಡವರು ಕೇಳಬೇಕಾದ್ದು ಹೀರೋ ಅಂಗಡಿಯಲ್ಲಿ.

ಕಿಟ್ ಹಾಕುವಾಗ ಪಿಸ್ಟನ್ ಹೊರತೆಗೆಯಲು ಏರ್ ಗನ್ ಹಿಡಿಯುವವರಿದ್ದಾರೆ. ಚಿಮ್ಮಿ ಬರುವ ಪಿಸ್ಟನ್ ಬೆರಳು ಜಜ್ಜುತ್ತದೆ. ಹೋಸ್ ಬಿಚ್ಚುವ ಮೊದಲೇ ಲಿವರನ್ನು ಮೆಲ್ಲಗೆ ಒತ್ತುತ್ತ ಹೋದರೆ ಅದು ತಾನಾಗಿ ಹೊರಬರುತ್ತದೆ. ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ ಬೇಡವೇ ಬೇಡ, ಸೀಲಿನ ರಬ್ಬರ್ ಊದುತ್ತದೆ. ಬ್ರೇಕ್ ಕ್ಲೀನರ್ ಅಥವಾ ಹೊಸ ಬ್ರೇಕ್ ಆಯಿಲ್ ಬಳಸಿ. ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ ಹಾಕಿ. ಡಾಟ್ 3, ಡಾಟ್ 4 ಒಂದೇ ಜಾತಿಯವು. ಡಾಟ್ 5 ಸಿಲಿಕೋನಿನದು, ಅದನ್ನು ಇವುಗಳ ಜೊತೆ ಬೆರೆಸಬಾರದು. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಲಿವರ್ ಮೆತ್ತಗಾಗುವುದಕ್ಕೆ ಹಳೆ ಆಯಿಲ್ ಕುದಿಯುವುದು ಒಂದು ಮುಖ್ಯ ಕಾರಣ.

ಕ್ಯಾಲಿಪರಿನ ಮೈಯೇ ಬಿರಿದಿದ್ದರೆ, ನಿಪ್ಪಲ್ ಮುರಿದು ಎಳೆ ಹೋಗಿದ್ದರೆ, ಆಗ ಗುಜರಿ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್ ಹಳೆ ಬೈಕಿನವರಿಗೆ ಗೊತ್ತಿರುವ ಜಾಗಗಳು. ನಿಮ್ಮ ಹಳೆ ಕ್ಯಾಲಿಪರನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ, ಫೋಟೊ ಸಾಲದು. ಹೊಸದಾಗಿ ಬಣ್ಣ ಬಳಿದದ್ದನ್ನು ನಾನು ನಂಬುವುದಿಲ್ಲ, ಬಣ್ಣದ ಕೆಳಗೆ ಬಿರುಕು ಕಾಣುವುದಿಲ್ಲ. "ಅಣ್ಣ, ನಿಪ್ಪಲ್ ಒಂದ್ಸಲ ಬಿಚ್ಚಿ ತೋರ್ಸಿ" ಎಂದು ಕೇಳಿ. ಬಿಚ್ಚಲು ಬಾರದ್ದನ್ನು ಅಲ್ಲೇ ಬಿಟ್ಟು ಬನ್ನಿ. ಹಳೆಯದನ್ನು ಕೊಂಡರೂ ಒಳಗಿನ ಸೀಲು ಹೊಸದೇ ಇರಬೇಕು.

ಬೇರೆ ಗಾಡಿಯ ಕ್ಯಾಲಿಪರ್ ಹೊಂದಿಸುವುದು ಕೊನೆಯ ದಾರಿ. ಇಲ್ಲಿ ಬೋಲ್ಟ್ ತೂತು ಹೊಂದಿದರೆ ಸಾಕು ಎಂಬ ನಂಬಿಕೆ ಅಪಾಯಕರ. 25 ಮಿ.ಮೀ. ಪಿಸ್ಟನ್ನಿನ ಮುಖ 491 ಚದರ ಮಿ.ಮೀ., 30 ಮಿ.ಮೀ. ಪಿಸ್ಟನ್ನಿನದು 707. ಐದೇ ಮಿ.ಮೀ. ವ್ಯತ್ಯಾಸಕ್ಕೆ ಶೇ 44ರಷ್ಟು ಹೆಚ್ಚು ಆಯಿಲ್ ಬೇಕು. ಹಳೆ ಮಾಸ್ಟರ್ ಸಿಲಿಂಡರ್ ಅಷ್ಟು ತಳ್ಳುವ ಹೊತ್ತಿಗೆ ಲಿವರ್ ಹ್ಯಾಂಡಲ್ ಮುಟ್ಟಬಹುದು. ಉಲ್ಟಾ, ಪಿಸ್ಟನ್ ಚಿಕ್ಕದಾದರೆ ಲಿವರ್ ಕಲ್ಲಿನಂತೆ ಗಟ್ಟಿ, ಗಾಡಿ ನಿಲ್ಲುವುದು ತಡ. ಆದ್ದರಿಂದ ವರ್ನಿಯರ್ ಹಿಡಿದು ಎರಡೂ ಕ್ಯಾಲಿಪರ್‌ಗಳ ಪಿಸ್ಟನ್ ಅಳೆಯಿರಿ. ಎರಡು ಬದಿಯಲ್ಲೂ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಒಂದು ಬದಿಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಹೋಸ್ ಕೂರಿಸುವ ಬೋಲ್ಟಿನ ಎಳೆಯನ್ನೂ ನೋಡಿ. ಜಪಾನಿ ಮೂಲದ ಕ್ಯಾಲಿಪರ್‌ಗಳಲ್ಲಿ ಸಾಮಾನ್ಯವಾಗಿ 10 ಮಿ.ಮೀ. ಬೋಲ್ಟಿಗೆ 1.25ರ ಎಳೆ, ಬ್ರೆಂಬೊದಲ್ಲಿ 1.0. ಒಂದಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಎಳೆ ಕಿತ್ತುಬರುತ್ತದೆ. ತಾಮ್ರದ ವಾಷರ್ ಪ್ರತಿ ಸಲವೂ ಹೊಸದು. ಬಲಗಡೆಯ ಕ್ಯಾಲಿಪರನ್ನು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬಂದು ಮೇಲೆ ಗಾಳಿ ಉಳಿಯುತ್ತದೆ, ಎಷ್ಟು ಏರ್ ತೆಗೆದರೂ ಲಿವರ್ ಗಟ್ಟಿಯಾಗುವುದಿಲ್ಲ. ಲೇತ್ ಅಂಗಡಿಯಲ್ಲಿ ಬ್ರಾಕೆಟ್ ಮಾಡಿಸುವುದಾದರೆ ಡಿಸ್ಕ್ ಕ್ಯಾಲಿಪರಿನ ನಟ್ಟನಡುವೆ ಹಾಯಬೇಕು, ಪ್ಯಾಡಿನ ಇಡೀ ಮುಖ ಡಿಸ್ಕಿನ ಮೇಲೆ ಕೂರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಆ ಬ್ರಾಕೆಟ್ ಬೇಡ. ನನ್ನ ಮಟ್ಟಿಗೆ, ಮೂಲ ಕ್ಯಾಲಿಪರಿಗೆ ಕಿಟ್ ಸಿಗುತ್ತಿರುವಾಗ ಈ ದಾರಿ ಹಿಡಿಯಲು ಒಳ್ಳೆಯ ಕಾರಣವೇ ಇಲ್ಲ.

ಯಾವ ದಾರಿಯಲ್ಲಿ ಬಂದರೂ ಮೊದಲ ಓಟ ಖಾಲಿ ಮೈದಾನದಲ್ಲಿ, ನಿಧಾನವಾಗಿ ಆಗಲಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಪೂರ್ತಿ ಹಿಡಿತ ಸಿಗದು. ಮನೆಗೆ ಬಂದು ಬೋಲ್ಟುಗಳನ್ನೂ ಹೋಸಿನ ಸಂದುಗಳನ್ನೂ ಇನ್ನೊಮ್ಮೆ ನೋಡಿ. ಕಳಚಿಟ್ಟ ಹಳೆ ಕ್ಯಾಲಿಪರನ್ನು ಕೆ.ಜಿ. ಲೆಕ್ಕದಲ್ಲಿ ಮಾರಬೇಡಿ. ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಯಾವ ಗಾಡಿಯದು ಎಂದು ಚೀಟಿ ಬರೆದು ಎತ್ತಿಡಿ. ಅದೇ ಗಾಡಿಯ ಇನ್ನೊಬ್ಬ ಮಾಲೀಕ ಇದನ್ನು ಹುಡುಕುತ್ತಿರುತ್ತಾನೆ. ಕೇಳಿಕೊಂಡು ಬಂದರೆ ಕೊಡಿ.