ಊರ ಕಂಪ್ಯೂಟರನ್ನು ಪೇಟೆಗೆ ಹೊರುವ ಮೊದಲು



ಪಂಪಸೆಟ್ಟು ನೀರು ಎತ್ತದಿದ್ದರೆ ನೀವು ಏನು ಮಾಡುತ್ತೀರಿ? ಕೂಡಲೆ ಮೋಟಾರು ಬಿಚ್ಚಿ ಹುಬ್ಬಳ್ಳಿಗೆ ಒಯ್ಯುವುದಿಲ್ಲ. ಮೊದಲು ಕರೆಂಟು ಇದೆಯೇ ಎಂದು ನೋಡುತ್ತೀರಿ. ಅನಂತರ ಸ್ಟಾರ್ಟರು, ಆಮೇಲೆ ಪೈಪಿನಲ್ಲಿ ಗಾಳಿ ಹಿಡಿದಿದೆಯೇ ಎಂಬುದು, ಕೊನೆಗೆ ಬಾವಿಗೆ ಇಳಿದು ಫುಟ್‌ವಾಲ್ವು. ಹತ್ತಿರದ್ದನ್ನು ಮೊದಲು, ದೂರದ್ದನ್ನು ಆಮೇಲೆ ನೋಡುವುದು ಒಕ್ಕಲಿಗನ ಪದ್ಧತಿ. ಊರಿನ ಕಂಪ್ಯೂಟರಿಗೂ ಇದೇ ಪದ್ಧತಿ ಸಾಕು. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ನಿಮಗೆ ಆ ನಷ್ಟ ಆಗಬಾರದೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಡೆದ ಸಂಗತಿ

ನನ್ನ ವಲಯದ ಒಂದು ಊರಿನ ಯುವಕ ಸಂಘದಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಪಹಣಿ ತೆಗೆಯಲು, ಪೇಟೆಯ ಧಾರಣೆ ನೋಡಲು, ಮಕ್ಕಳು ಅರ್ಜಿ ತುಂಬಲು ಅದೇ ಆಧಾರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ವಿಂಡೋಸ್ ಹಾಕಲು ಆ ಯಂತ್ರಕ್ಕೆ ಶಕ್ತಿ ಸಾಲದು. ಆದ್ದರಿಂದ ಹುಡುಗರು ಅದರಲ್ಲಿ ಲಿನಕ್ಸ್ ಮಿಂಟ್ ಹಾಕಿದರು. ಯಂತ್ರ ಚುರುಕಾಯಿತು, ಆದರೆ ವೈಫೈ ಮಾಯವಾಯಿತು.

ನಾನು ಓದಿದ್ದು ಕೃಷಿ ಡಿಪ್ಲೊಮಾ. ಎಲೆ ನೋಡಿ ರೋಗ ಹೇಳಬಲ್ಲೆ, ಯಂತ್ರ ನೋಡಿ ಹೇಳಲಾರೆ. ಆದರೂ ಕೇಳಿದವರಿಗೆ “ವೈಫೈ ಕಾರ್ಡು ಸುಟ್ಟಿರಬೇಕು, ಪೇಟೆಗೆ ಒಯ್ಯಿರಿ” ಎಂದುಬಿಟ್ಟೆ. ಕಡಲೆ ಬಿತ್ತನೆಯ ಹದದಲ್ಲಿ ಇಬ್ಬರು ಯುವಕರು ಎರಡು ದಿನ ಕೂರಿಗೆ ಬಿಟ್ಟು ಬಸ್ಸು ಹತ್ತಿದರು. ಅಂಗಡಿಯಲ್ಲಿ ಹೊಸ ಕಾರ್ಡಿನ ಬೆಲೆ ಕೇಳಿ ಹಿಂದಿರುಗಿದರು. ಕಾರ್ಡಿಗೆ ಏನೂ ಆಗಿರಲಿಲ್ಲ. ಬೇಕಾಗಿದ್ದದ್ದು ಡ್ರೈವರ್ ಮಾತ್ರ.

ಡ್ರೈವರ್ ಎಂದರೇನು?

ಎತ್ತು ಗಟ್ಟಿಯಾಗಿದೆ, ಗಳೇವು ಚೆನ್ನಾಗಿದೆ. ಆದರೆ ಎತ್ತಿಗೆ ಮಾತು ತಿಳಿಯುವ ಹೊಡೆಯುವವನು ಬೇಕಲ್ಲವೆ? ಯಂತ್ರದ ಒಳಗಿನ ವೈಫೈ ಕಾರ್ಡಿಗೆ ಕಂಪ್ಯೂಟರಿನ ಮಾತನ್ನು ತಿಳಿಸುವ ಸಣ್ಣ ಕಾರ್ಯಕ್ರಮವೇ ಡ್ರೈವರ್. ಅದು ಇಲ್ಲದಿದ್ದರೆ ಕಾರ್ಡು ಇದ್ದೂ ಇಲ್ಲದಂತೆ.

ಲಿನಕ್ಸನ್ನು 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಎಂಬವರು ಆರಂಭಿಸಿದರು. ನಮ್ಮ ಹಿರಿಯರು ಬೀಜವನ್ನು ಒಬ್ಬರಿಗೊಬ್ಬರು ಹಂಚಿಕೊಂಡಂತೆ ಅದನ್ನು ಲೋಕದ ಜನ ಹಂಚಿಕೊಂಡು ಬೆಳೆಸಿದರು. ಇಂಟೆಲ್ ಮುಂತಾದ ಕಂಪನಿಗಳ ಕಾರ್ಡಿಗೆ ಬೇಕಾದ ಡ್ರೈವರ್ ಬಹುಮಟ್ಟಿಗೆ ಅದರೊಳಗೇ ಬರುತ್ತದೆ. ಬ್ರಾಡ್‌ಕಾಮ್ ಕಂಪನಿಯವರು ತಮ್ಮ ಕಾರ್ಡಿನ ಗುಟ್ಟನ್ನು ಬಹುಕಾಲ ಬಿಟ್ಟುಕೊಡಲಿಲ್ಲ. 2010ರಲ್ಲಿ ಅವರು ಹೊಸ ಕಾರ್ಡುಗಳಿಗೆ ಮುಕ್ತ ಡ್ರೈವರ್ ಕೊಟ್ಟರು. ಆದರೂ ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಅವರ ಅನೇಕ ಕಾರ್ಡುಗಳಿಗೆ ಡ್ರೈವರನ್ನು ಬೇರೆಯಾಗಿ ತಂದು ಹಾಕಬೇಕಾಗುತ್ತದೆ. ರಿಯಲ್‌ಟೆಕ್ ಕಂಪನಿಯ ಕೆಲವು ಕಾರ್ಡುಗಳದೂ ಇದೇ ಪಾಡು.

ವೈಫೈ ಬಾರದಿದ್ದರೆ ಕ್ರಮವಾಗಿ ನೋಡತಕ್ಕದ್ದು

ಮೊದಲನೆಯದಾಗಿ, ರೂಟರಿಗೆ ಕರೆಂಟು ಇದೆಯೇ? ಅದೇ ವೈಫೈ ನಿಮ್ಮ ಮೊಬೈಲಿಗೆ ಸಿಗುತ್ತದೆಯೇ? ಮೊಬೈಲಿಗೂ ಸಿಗದಿದ್ದರೆ ತಪ್ಪು ಲ್ಯಾಪ್‌ಟಾಪಿನದಲ್ಲ. ದಪ್ಪ ಮಣ್ಣಿನ ಗೋಡೆಯ ಆಚೆ ಅಲೆಗಳ ಬಲ ಕುಗ್ಗುತ್ತದೆ. ಯಂತ್ರವನ್ನು ರೂಟರಿನ ಹತ್ತಿರ ತಂದು ನೋಡಿರಿ.

ಎರಡನೆಯದಾಗಿ, ಗುಂಡಿ ನೋಡಿರಿ. ಕೀಲಿಮಣೆಯ ಮೇಲ್ಸಾಲಿನಲ್ಲಿ ವಿಮಾನದ ಚಿತ್ರವೋ ಅಲೆಯ ಚಿತ್ರವೋ ಇರುವ ಗುಂಡಿ ಇರುತ್ತದೆ. ಕೆಲವು ಯಂತ್ರಗಳಿಗೆ ಪಕ್ಕದಲ್ಲಿ ಜಾರುಗುಂಡಿ ಇರುತ್ತದೆ. ಮಕ್ಕಳ ಕೈ ತಾಗಿ ಅದು ಮುಚ್ಚಿರಬಹುದು. ಖಚಿತ ಮಾಡಿಕೊಳ್ಳಲು ಕಂಟ್ರೋಲ್, ಆಲ್ಟ್ ಮತ್ತು ಟಿ ಈ ಮೂರು ಗುಂಡಿಗಳನ್ನು ಕೂಡಿಯೇ ಒತ್ತಿರಿ. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಆರ್, ಎಫ್, ಕೆ, ಐ, ಎಲ್, ಎಲ್ ಎಂಬ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಹೊಡೆದು, ಒಂದು ತೆರವು ಬಿಟ್ಟು ಲಿಸ್ಟ್ ಎಂದು ಬರೆದು ಎಂಟರ್ ಒತ್ತಿರಿ. ಸಾಫ್ಟ್ ಬ್ಲಾಕ್ಡ್ ಎಂಬುದರ ಮುಂದೆ ಯೆಸ್ ಎಂದಿದ್ದರೆ, ಲಿಸ್ಟ್ ಎಂಬುದಕ್ಕೆ ಬದಲು ಅನ್‌ಬ್ಲಾಕ್ ಆಲ್ ಎಂದು ಹೊಡೆಯಿರಿ, ಬಾಗಿಲು ತೆರೆಯುತ್ತದೆ. ಹಾರ್ಡ್ ಬ್ಲಾಕ್ಡ್ ಮುಂದೆ ಯೆಸ್ ಎಂದಿದ್ದರೆ ಕೈಯಿಂದಲೇ ಗುಂಡಿ ಸರಿಸಬೇಕು.

ಮೂರನೆಯದಾಗಿ, ಕಾರ್ಡು ಯಾವ ಕಂಪನಿಯದೆಂದು ತಿಳಿಯಿರಿ. ಅದೇ ಕಪ್ಪು ಕಿಟಕಿಯಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರಗಳನ್ನು ಕೂಡಿಸಿ ಹೊಡೆದರೆ ಒಳಗಿನ ಭಾಗಗಳ ಪಟ್ಟಿ ಬರುತ್ತದೆ. ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲಿನಲ್ಲಿ ಕಂಪನಿಯ ಹೆಸರಿರುತ್ತದೆ. ಅದನ್ನು ಅಂಕಿಸಹಿತ ಕಾಗದದ ಮೇಲೆ ಬರೆದುಕೊಳ್ಳಿರಿ. ಈ ಸಾಲು ಕಂಡಿತೆಂದರೆ ಕಾರ್ಡು ಜೀವಂತವಿದೆ ಎಂದೇ ತಿಳಿಯಬಹುದು. ನಾನು ಅಂದು ಇದೊಂದನ್ನು ನೋಡಿದ್ದರೆ ಎರಡು ದಿನದ ಬಿತ್ತನೆ ಕೆಡುತ್ತಿರಲಿಲ್ಲ.

ನಾಲ್ಕನೆಯದಾಗಿ, ಡ್ರೈವರ್ ತರಿಸಿರಿ. ಆದರೆ ಅದನ್ನು ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು, ವೈಫೈಗೆ ಡ್ರೈವರ್ ಬೇಕು. ಈ ಗಂಟನ್ನು ಬಿಡಿಸುವುದು ನಿಮ್ಮ ಮೊಬೈಲಿನ ಚಾರ್ಜು ಮಾಡುವ ತಂತಿ. ಅದರಿಂದ ಮೊಬೈಲನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಹಾಟ್‌ಸ್ಪಾಟ್ ಇರುವಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ತೆರೆಯಿರಿ. ಆ್ಯಂಡ್ರಾಯ್ಡ್ ಮೊಬೈಲುಗಳನ್ನು ಲಿನಕ್ಸ್ ತಾನಾಗಿ ಗುರುತಿಸುತ್ತದೆ. ತಂತಿ ಕೇವಲ ಚಾರ್ಜಿನದಾಗಿರದೆ ಮಾಹಿತಿ ಸಾಗಿಸುವ ತಂತಿಯಾಗಿರಬೇಕು. ಅನಂತರ ಲಿನಕ್ಸ್ ಮಿಂಟಿನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ಎಂಬುದನ್ನು ತೆರೆದರೆ ಯಂತ್ರ ತಾನೇ ಹುಡುಕಿ ತಕ್ಕ ಡ್ರೈವರನ್ನು ತೋರಿಸುತ್ತದೆ. ಆರಿಸಿ, ಹಾಕಿ, ಯಂತ್ರವನ್ನು ಮತ್ತೆ ಆರಂಭಿಸಿರಿ.

ಇಲ್ಲಿ ಒಂದು ಎಚ್ಚರಿಕೆ. ಸೆಕ್ಯೂರ್ ಬೂಟ್ ಎಂಬ ಕಾವಲು ಇರುವ ಯಂತ್ರ, ಡ್ರೈವರ್ ಹಾಕುವಾಗ ಒಂದು ಗುಪ್ತಪದ ಕೇಳುತ್ತದೆ. ಮತ್ತೆ ಆರಂಭಿಸಿದಾಗ ನೀಲಿ ಪರದೆ ಬಂದು ಸ್ವಲ್ಪ ಹೊತ್ತು ಮಾತ್ರ ಕಾಯುತ್ತದೆ. ಆಗ ಎನ್‌ರೋಲ್ ಮೊಕ್ ಎಂಬುದನ್ನು ಆರಿಸಿ ಅದೇ ಗುಪ್ತಪದ ಕೊಡಬೇಕು. ಹೆದರಿ ಬೇರೆ ಗುಂಡಿ ಒತ್ತಿದರೆ ಡ್ರೈವರ್ ಒಳಗಿದ್ದರೂ ಕಾವಲುಗಾರ ಅದನ್ನು ಬಿಡುವುದಿಲ್ಲ.

ಕೆಲವೊಮ್ಮೆ ಚೆನ್ನಾಗಿದ್ದ ವೈಫೈ, ಲಿನಕ್ಸ್ ಹೊಸದಾಗಿ ಪರಿಷ್ಕಾರಗೊಂಡ ಮರುದಿನ ನಿಲ್ಲುತ್ತದೆ. ಆಗ ಯಂತ್ರ ಆರಂಭವಾಗುವಾಗ ಬರುವ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿರಿ. ವೈಫೈ ಬಂದರೆ, ಹೊಸ ಕರ್ನಲ್ಲಿಗೆ ಡ್ರೈವರ್ ಇನ್ನೂ ಹೊಂದಿಲ್ಲವೆಂದು ಅರ್ಥ. ಅದನ್ನು ಮತ್ತೊಮ್ಮೆ ಹಾಕಿದರೆ ಸರಿಹೋಗುವುದುಂಟು.

ದೂರದ ಕೈ

ನಮ್ಮ ಊರಿನ ಕೆಲಸ ಆದದ್ದು ಹೀಗೆಯೇ. ಧಾರವಾಡದಲ್ಲಿ ಓದುತ್ತಿರುವ ಊರಿನದೇ ಹುಡುಗನೊಬ್ಬ ಫೋನಿನಲ್ಲಿ ಮೊಬೈಲಿನ ತಂತಿ ಹಚ್ಚಲು ಹೇಳಿದ. ಬಳಿಕ ರಿಮೋಟ್ ಡೆಸ್ಕ್‌ಟಾಪ್ ಎಂಬ ಸೌಕರ್ಯದಿಂದ ಅಲ್ಲಿಂದಲೇ ನಮ್ಮ ಪರದೆಯನ್ನು ಕಂಡು ಬ್ರಾಡ್‌ಕಾಮ್ ಡ್ರೈವರ್ ಹಾಕಿದ. ಕಣದ ಕಟ್ಟೆಯ ಮೇಲೆ ಕುಳಿತವರೆಲ್ಲ ಬಂದು, ಯಾರೂ ಮುಟ್ಟದೆ ಬಾಣದ ಗುರುತು ಓಡಾಡುವುದನ್ನು ನೋಡಿ ಬೆರಗಾದರು.

ಇದರಲ್ಲಿ ಮಾಟವಿಲ್ಲ. ನಮ್ಮ ಪರದೆಯ ಚಿತ್ರ ಅವನ ಕಡೆಗೆ ಹೋಗುತ್ತದೆ, ಅವನ ಬೆರಳೊತ್ತು ನಮ್ಮ ಕಡೆಗೆ ಬರುತ್ತದೆ. ಇದು ಕೂಡಿಬಾರದಿದ್ದರೆ ಇವುಗಳನ್ನು ನೋಡಿರಿ.

ಇಂಟರ್ನೆಟ್ಟೇ ನಿಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿರಿ. ಕಾಲುವೆ ಒಡೆದಿರುವಾಗ ಹೊಲದ ಮಡಿ ತಿದ್ದಿ ಫಲವಿಲ್ಲ. ನಡುವೆಯೇ ಸಂಪರ್ಕ ತಪ್ಪಿದರೆ ಯಂತ್ರ ನಿದ್ದೆಗೆ ಹೋಗಿರಬಹುದು. ಪವರ್ ಸೆಟ್ಟಿಂಗ್ಸಿನಲ್ಲಿ ತಾನಾಗಿ ನಿದ್ದೆ ಹೋಗುವುದನ್ನು ನಿಲ್ಲಿಸಿ, ಮುಚ್ಚಳ ತೆರೆದೇ ಇಡಿರಿ. ಉಬುಂಟುವಿನ ಡೆಸ್ಕ್‌ಟಾಪ್ ಶೇರಿಂಗ್‌ನಲ್ಲಿ, ಊರಲ್ಲಿದ್ದವರು ಪರದೆಗೆ ಬೀಗ ಹಾಕಿದರೆ ದೂರದವನಿಗೆ ಪ್ರವೇಶವಿಲ್ಲ. ಎಕ್ಸ್‌ಆರ್‌ಡಿಪಿ ಎಂಬ ಕಾರ್ಯಕ್ರಮ ಬಳಸುವವರಿಗೆ ಕಪ್ಪು ಪರದೆ ಕಂಡರೆ, ಅದೇ ಹೆಸರಿನವರು ಯಂತ್ರದ ಮುಂದೆ ಮೊದಲೇ ಒಳಗೆ ಹೋಗಿದ್ದಾರೆಯೇ ನೋಡಿರಿ. ಅವರು ಲಾಗ್ ಔಟ್ ಮಾಡಿದರೆ ಪರದೆ ಸಾಮಾನ್ಯವಾಗಿ ತೆರೆಯುತ್ತದೆ.

ಒಂದೇ ಮನೆಯ ವೈಫೈಯಲ್ಲಿರುವ ಎರಡು ಯಂತ್ರಗಳಿಗೆ ವಿಳಾಸದ ಅಂಕಿ ಸಾಕು. ಯಂತ್ರ ಮತ್ತೆ ಆರಂಭವಾದಾಗ ಆ ಅಂಕಿ ಬದಲಾಗಬಹುದು, ಆದ್ದರಿಂದ ಪ್ರತಿಸಲ ನೋಡಿಕೊಳ್ಳಿರಿ. ಹಳ್ಳಿಯಿಂದ ಧಾರವಾಡಕ್ಕೆ ಆ ಅಂಕಿ ನಡೆಯದು. ಮೊಬೈಲ್ ಕಂಪನಿಗಳು ಅನೇಕ ಗಿರಾಕಿಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸುತ್ತವೆ. ನಡುವೆ ನಿಂತು ಇಬ್ಬರನ್ನೂ ಜೋಡಿಸುವ ರಸ್ಟ್‌ಡೆಸ್ಕ್, ಎನಿಡೆಸ್ಕ್ ಮುಂತಾದ ತಂತ್ರಾಂಶಗಳು ಆಗ ಬೇಕು. ಅವು ಒಂದು ಅಂಕಿ ತೋರಿಸುತ್ತವೆ. ಆ ಅಂಕಿಯನ್ನು ಹೇಳಿ, ಬಂದವರಿಗೆ ಒಪ್ಪಿಗೆ ಕೊಟ್ಟರೆ ಅವರು ಒಳಗೆ ಬರುತ್ತಾರೆ.

ನಾನು ಹೇಳದೆ ಬಿಟ್ಟ ಮಾತು

ಅಂದು ಬೆರಗಾಗಿ ನೋಡಿದವರಲ್ಲಿ ಒಬ್ಬ ಹಿರಿಯ ರೈತರಿದ್ದರು. ಕಡಲೆ ಮಾರಿದ ದುಡ್ಡು ಅವರ ಬ್ಯಾಂಕಿನ ಖಾತೆಗೆ ಬಂದ ವಾರವೇ ಅವರ ಮೊಬೈಲಿಗೆ ಒಂದು ಕರೆ ಬಂತು. ಬ್ಯಾಂಕಿನವರೆಂದು ಹೇಳಿಕೊಂಡವನು “ಖಾತೆ ನಿಲ್ಲುತ್ತದೆ, ಇಲ್ಲಿಂದಲೇ ಸರಿಮಾಡುತ್ತೇವೆ” ಎಂದು ಇಂಥದೇ ತಂತ್ರಾಂಶವನ್ನು ಹಾಕಿಸಿದ. ನಮ್ಮ ಹುಡುಗ ಮಾಡಿದಂತೆಯೇ ಇದೂ ಎಂದು ಹಿರಿಯರು ನಂಬಿ ಅಂಕಿ ಓದಿ ಹೇಳಿದರು. ವರ್ಷದ ದುಡಿಮೆಯ ಬಹುಪಾಲು ಹೋಯಿತು. ಮನೆಯವರಿಗೆ ಹೇಳಲು ನಾಚಿ ಮರುದಿನದವರೆಗೆ ಸುಮ್ಮನಿದ್ದರು. ಅಷ್ಟರಲ್ಲಿ ದುಡ್ಡು ಕೈ ದಾಟಿತ್ತು.

ದೂರದ ಕೈ ಒಳಗೆ ಬರುವುದನ್ನು ನಾವು ಊರಿಗೆಲ್ಲ ತೋರಿಸಿದೆವು. ಯಾರ ಕೈಯನ್ನು ಒಳಗೆ ಬಿಡಬೇಕೆಂದು ಹೇಳಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಇಂಥ ವಂಚನೆಯ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ತಂತ್ರಾಂಶದ ದೋಷವಲ್ಲ ಇದು. ಕುಡುಗೋಲು ಬೆಳೆಯನ್ನೂ ಕೊಯ್ಯುತ್ತದೆ, ಕೈಯನ್ನೂ ಕೊಯ್ಯುತ್ತದೆ. ಆದ್ದರಿಂದ ಈ ಐದು ಮಾತುಗಳನ್ನು ಕಂಪ್ಯೂಟರಿನ ಮೇಲಿನ ಗೋಡೆಗೆ ಬರೆದು ಹಚ್ಚಿರಿ.

1. ನಾವಾಗಿ ಕರೆದ, ಮುಖ ಬಲ್ಲ ವ್ಯಕ್ತಿಗೆ ಮಾತ್ರ ಅಂಕಿ ಹೇಳಬೇಕು. ತಾನಾಗಿ ಕರೆ ಮಾಡಿದವನಿಗೆ, ಅವನು ಯಾರೆಂದು ಹೇಳಿಕೊಂಡರೂ, ಹೇಳಬಾರದು.

2. ದೂರದ ಕೈ ಒಳಗಿರುವಾಗ ಬ್ಯಾಂಕಿನ ಪುಟ ತೆರೆಯಬಾರದು, ಒಟಿಪಿ ಓದಬಾರದು.

3. ಕೆಲಸ ಮುಗಿಯುವವರೆಗೆ ಒಬ್ಬರು ಪರದೆಯ ಮುಂದೆ ಕುಳಿತಿರಬೇಕು.

4. ಕೆಲಸ ಮುಗಿದೊಡನೆ ಸಂಪರ್ಕ ಕಡಿದು, ಆ ತಂತ್ರಾಂಶವನ್ನು ಮುಚ್ಚಬೇಕು. ಕಾಯಂ ಗುಪ್ತಪದ ಇಟ್ಟಿದ್ದರೆ ಬದಲಿಸಬೇಕು.

5. ಮೋಸವಾಯಿತೆಂದು ತಿಳಿದ ಕ್ಷಣವೇ ಇಂಟರ್ನೆಟ್ ನಿಲ್ಲಿಸಿ 1930ಕ್ಕೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಬೇಗ ತಿಳಿಸಿದಷ್ಟೂ ದುಡ್ಡು ತಡೆಯುವ ಅವಕಾಶ ಹೆಚ್ಚು. ಇದರಲ್ಲಿ ನಾಚಿಕೆ ಬೇಡ. ಕಳ್ಳತನವಾದರೆ ನಾಚಬೇಕಾದವನು ಕಳ್ಳ.

ಯುವಕ ಸಂಘದವರು ಒಂದು ನೋಟುಬುಕ್ಕು ಇಟ್ಟು ಕಾರ್ಡಿನ ಹೆಸರು, ಹಾಕಿದ ಡ್ರೈವರ್, ಹೊರಗಿನಿಂದ ಯಾರು ಯಾವ ದಿನ ಒಳಗೆ ಬಂದರು ಎಂಬುದನ್ನು ಬರೆದಿಡಲಿ. ಮುಂದಿನ ಸಲ ಕೆಟ್ಟಾಗ ಆ ಪುಟವೇ ಅರ್ಧ ದುರಸ್ತಿ. ಮಹಿಳಾ ಸಂಘದ ಸಭೆಯಲ್ಲೂ ಮೇಲಿನ ಐದು ಮಾತುಗಳನ್ನು ಒಮ್ಮೆ ಓದಿ ಹೇಳಿರಿ, ಏಕೆಂದರೆ ಮೊಬೈಲು ಈಗ ಎಲ್ಲರ ಕೈಯಲ್ಲಿದೆ.

ಆ ಹಿರಿಯರು ಈಗ ತಾವೇ ಸಂಘದ ಕೋಣೆಗೆ ಬರುತ್ತಾರೆ. ಯಾರಾದರೂ ಅಂಕಿ ಓದಲು ಹೊರಟರೆ “ಆ ಕಡೆ ಇದ್ದವನು ಯಾರಪ್ಪ?” ಎಂದು ಕೇಳುತ್ತಾರೆ. ಪ್ರತಿ ಊರಿನಲ್ಲೂ ಹೀಗೆ ಕೇಳುವವರು ಒಬ್ಬರಿರಲಿ. ಯಂತ್ರ ಕೆಟ್ಟರೆ ಹತ್ತಿರದ್ದನ್ನು ಮೊದಲು ನೋಡಿರಿ. ತಿಳಿಯದಿದ್ದರೆ ತಿಳಿಯದೆಂದು ಹೇಳಿರಿ, ನಾನೂ ಈಗ ಹಾಗೆಯೇ ಹೇಳುತ್ತೇನೆ. ಆಮೇಲೆ ಕೂಡಿ ಕುಳಿತು ಹುಡುಕೋಣ.

ನಿಮ್ಮ ಗ್ರಾಮಸೇವಕ